ಸೈನ್ಸ್ ತಗೊಂಡ್ರೆ ಆಪ್ಷನ್ ಜಾಸ್ತಿ ಎಂಬ ಸುಳ್ಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಮನೆಮನೆಯಲ್ಲೂ ಒಂದೇ ಮಾತು ಓಡಾಡುತ್ತದೆ. ಬೀದರಿನಲ್ಲಿ ಒಂದು ಧಾಟಿ, ಉಡುಪಿಯಲ್ಲಿ ಇನ್ನೊಂದು ಧಾಟಿ ಇರಬಹುದು, ಹುರುಳು ಬದಲಾಗುವುದಿಲ್ಲ: "ಮಾರ್ಕ್ಸ್ ಚೆನ್ನಾಗಿ ಬಂದಿದೆಯಲ್ಲ, ಸೈನ್ಸ್ ತಗೊಳ್ಳಲಿ. ಸೈನ್ಸ್ ತಗೊಂಡ್ರೆ ಆಪ್ಷನ್ ಜಾಸ್ತಿ. ಆಮೇಲೆ ಬೇಡ ಅನ್ನಿಸಿದ್ರೆ ಬೇರೆ ಏನು ಬೇಕಾದ್ರೂ ಮಾಡಬಹುದು." ಸೋದರಮಾವ ಹೇಳುತ್ತಾರೆ, ಹೈಸ್ಕೂಲಿನ ಮೇಷ್ಟ್ರು ಹೇಳುತ್ತಾರೆ, ಮಗನನ್ನು ಅಮೆರಿಕಕ್ಕೆ ಕಳಿಸಿದ ಪಕ್ಕದ ಮನೆಯವರು ಹೇಳುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಕೇಳುವುದಕ್ಕೆ ಅದು ವಿವೇಕದ ಮಾತಿನ ಹಾಗೆಯೇ ಇದೆ. ಮಗುವಿಗೆ ಹದಿನೈದೋ ಹದಿನಾರೋ ವರ್ಷ, ಈಗಲೇ ಏನನ್ನೂ ಗಟ್ಟಿ ಮಾಡುವುದು ಬೇಡ, ಎಲ್ಲ ದಾರಿಗಳೂ ಇರಲಿ ಎಂಬ ಕಾಳಜಿ ಅದರಲ್ಲಿದೆ.

ಆದರೂ ಆ ಮಾತು ಸುಳ್ಳು. ಒಂದು ಕಾಲಕ್ಕೆ ಅರ್ಧ ನಿಜವಾಗಿತ್ತು, ಈಗ ಅಷ್ಟೂ ಉಳಿದಿಲ್ಲ. ತೀರ್ಮಾನವನ್ನು ಮುಂದಕ್ಕೆ ಹಾಕುತ್ತೇವೆ ಎನ್ನುತ್ತಲೇ ದೊಡ್ಡವರು ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಮಗುವಿಗೆ ಅದು ತಿಳಿಯುವ ಹೊತ್ತಿಗೆ ಎರಡು ವರ್ಷ ಹೋಗಿರುತ್ತದೆ, ಅಪ್ಪನ ಕೈಯಿಂದ ಲಕ್ಷಗಳು ಹೋಗಿರುತ್ತವೆ, ಎಷ್ಟೋ ಸಲ ತನ್ನ ಬಗ್ಗೆ ತನಗಿದ್ದ ನಂಬಿಕೆಯೂ ಹೋಗಿರುತ್ತದೆ.

ಸೈನ್ಸ್ ಇಲ್ಲದೆ ನೇರವಾಗಿ ಹೋಗಲಾಗದ ಕಡೆಗಳು ಯಾವುವು? ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಪಶುವೈದ್ಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್, ಬಿಎಸ್ಸಿ ಕೃಷಿ, ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಭೌತವಿಜ್ಞಾನ, ರಸಾಯನವಿಜ್ಞಾನದಂಥ ಪದವಿಗಳು, ಎನ್‌ಡಿಎ ಮೂಲಕ ವಾಯುಪಡೆ ಮತ್ತು ನೌಕಾಪಡೆ. ಪಟ್ಟಿ ಚಿಕ್ಕದಲ್ಲ. ಇವುಗಳಲ್ಲಿ ಒಂದನ್ನು ಮನಸಾರೆ ಬಯಸುವ ಮಗು ಸೈನ್ಸನ್ನೇ ತಗೊಳ್ಳಬೇಕು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಏನನ್ನೂ ಬಯಸದೆ, ಯಾವುದನ್ನೂ ನೋಡದೆ, ಮಾರ್ಕ್ಸ್ ಬಂತೆಂಬ ಒಂದೇ ಕಾರಣಕ್ಕೆ ಆ ಸಾಲಿನಲ್ಲಿ ನಿಲ್ಲಿಸಲ್ಪಟ್ಟ ಮಕ್ಕಳ ಪರವಾಗಿ.

ಈ ಪಟ್ಟಿಯ ಹೊರಗೆ ಉಳಿಯುವುದೇನು? ಐಎಎಸ್, ಕೆಎಎಸ್‌ಗೆ ಯಾವ ಪದವಿಯಾದರೂ ಸಾಕು. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಓದಲು ಯಾವ ವಿಭಾಗವಾದರೂ ನಡೆಯುತ್ತದೆ, ಅದು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕಾಲೇಜಿರಲಿ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಇರಲಿ. ಸಿಎ ಫೌಂಡೇಷನ್ ಪರೀಕ್ಷೆಗೆ ಆರ್ಟ್ಸ್ ಓದಿದ ಹುಡುಗಿಯೂ ಕೂರಬಹುದು. ಎನ್‌ಡಿಎಯ ಭೂಸೇನಾ ವಿಭಾಗಕ್ಕೆ ಸೈನ್ಸ್ ಬೇಕಿಲ್ಲ. ಡಿಸೈನ್ ಓದಲು ಬೇಕಿಲ್ಲ, ಪತ್ರಿಕೋದ್ಯಮಕ್ಕೆ, ಸಮಾಜಕಾರ್ಯಕ್ಕೆ, ಹೋಟೆಲ್ ಮ್ಯಾನೇಜ್‌ಮೆಂಟ್‌ಗೆ, ಬ್ಯಾಂಕ್ ಪರೀಕ್ಷೆಗೆ ಬೇಕಿಲ್ಲ. ಮೈಸೂರಿನ ಕಾವಾದಲ್ಲಿ ಚಿತ್ರಕಲೆ ಕಲಿಯಲು, ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿಯಲು ಬೇಕಿಲ್ಲ. ಇಷ್ಟೆಲ್ಲ ದಾರಿಗಳು ಯಾವ ಮಗುವಿಗೂ ತೆರೆದೇ ಇರುವಾಗ, ಇವುಗಳನ್ನು "ಸೈನ್ಸ್ ತಗೊಂಡ್ರೆ ಸಿಗುವ ಆಪ್ಷನ್" ಎಂದು ಲೆಕ್ಕ ಹಾಕುವುದು ಯಾವ ನ್ಯಾಯ?

ಸೈನ್ಸಿನದೇ ಎಂದುಕೊಂಡ ಓದುಗಳಿಗೂ ಬೇರೆ ದಾರಿಗಳಿವೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುತ್ತಾರೆ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೋಗಬಹುದು. ಪಿಯುಸಿಯ ಮುಖವನ್ನೇ ನೋಡದೆ ಬಿಇ ಮುಗಿಸಿದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ವೈದ್ಯಕೀಯದ ಬಗ್ಗೆ "ಆರ್ಟ್ಸ್ ತಗೊಂಡ್ರೆ ಡಾಕ್ಟರ್ ಆಗೋಕೆ ಆಗುತ್ತಾ?" ಎಂದು ಕೇಳುವವರಿಗೆ ಒಂದು ಸುದ್ದಿ ತಲುಪಿಯೇ ಇಲ್ಲ. ಹನ್ನೆರಡನೇ ತರಗತಿ ಪಾಸಾದ ಮೇಲೆ ಜೀವವಿಜ್ಞಾನದಂಥ ಬೇಕಾದ ವಿಷಯಗಳನ್ನು ಮಾನ್ಯತೆ ಪಡೆದ ಮಂಡಳಿಯಿಂದ ಹೆಚ್ಚುವರಿಯಾಗಿ ಓದಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲೇ, 2022ರಲ್ಲಿ, ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯೂ ಹೋಗಿತ್ತು. ಆ ದಾರಿ ಕಷ್ಟದ್ದು, ಸುತ್ತಿನದು, ಒಪ್ಪುತ್ತೇನೆ. ಹದಿನೈದನೇ ವಯಸ್ಸಿನ ಒಂದು ಅರ್ಜಿಯಿಂದ ಜೀವಮಾನದ ಬಾಗಿಲು ಮುಚ್ಚಿತು ಎಂಬ ಹೆದರಿಕೆಯನ್ನು ಮಾತ್ರ ಇನ್ನು ಯಾರೂ ಹಬ್ಬಿಸಬಾರದು.

ಇಷ್ಟು ಗಟ್ಟಿಯಾಗಿ ಈ ನಂಬಿಕೆ ಬೇರೂರಿದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1983ರಲ್ಲಿ ಇನ್ಫೊಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಆ ಹೊತ್ತಿಗೆ ರಾಜ್ಯದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಸಾಲುಸಾಲಾಗಿ ಏಳುತ್ತಿದ್ದವು. ಕ್ಯಾಪಿಟೇಷನ್ ಹಾವಳಿ ಎಷ್ಟಿತ್ತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಕಾಯಿದೆಯನ್ನೇ ತರಬೇಕಾಯಿತು. 1994ರಲ್ಲಿ ಸಿಇಟಿ ಬಂದಾಗ ದುಡ್ಡಿಲ್ಲದ ಮೇಷ್ಟ್ರ ಮಗನಿಗೂ ಅಂಚೆಯಣ್ಣನ ಮಗಳಿಗೂ ರ‍್ಯಾಂಕಿನ ಬಲದಿಂದ ಸೀಟು ಸಿಕ್ಕಿತು. ಅದು ನಿಜಕ್ಕೂ ದೊಡ್ಡ ಸಾಮಾಜಿಕ ಬದಲಾವಣೆ. ಆ ಪೀಳಿಗೆಯ ಎಷ್ಟೋ ಮನೆಗಳು ಒಂದೇ ಜಿಗಿತದಲ್ಲಿ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹೋದವು. ಇವತ್ತು ಸಲಹೆ ಕೊಡುತ್ತಿರುವ ಮಾವಂದಿರು, ಚಿಕ್ಕಪ್ಪಂದಿರು ಅದೇ ಪೀಳಿಗೆಯವರು. ತಮಗೆ ಒದಗಿದ್ದನ್ನೇ ಅವರು ಹೇಳುತ್ತಾರೆ. ಅಂದಿನ ಸೀಟುಗಳ ಕೊರತೆ ಇವತ್ತಿಲ್ಲ ಎನ್ನುವುದನ್ನು ಅವರು ಮರೆಯುತ್ತಾರೆ. ಇವತ್ತು ಎಂಜಿನಿಯರಿಂಗ್ ಸೀಟು ಸಿಗುವುದು ಸುದ್ದಿಯೇ ಅಲ್ಲ. ವರ್ಷ ವರ್ಷವೂ ಎಷ್ಟೋ ಸೀಟುಗಳು ಖಾಲಿ ಉಳಿಯುತ್ತವೆ. ಕಂಪ್ಯೂಟರ್ ಸೈನ್ಸ್ ಹೆಸರಿನ ವಿಭಾಗಗಳು ಉಬ್ಬುತ್ತಿವೆ, ಸಿವಿಲ್, ಮೆಕ್ಯಾನಿಕಲ್ ವಿಭಾಗಗಳು ಬಡವಾಗುತ್ತಿವೆ. ಸೀಟು ಸಿಕ್ಕಿತೆಂದರೆ ಕೆಲಸ ಸಿಕ್ಕಿತು ಎನ್ನುವ ಕಾಲ ಕಳೆದು ಎಷ್ಟೋ ವರ್ಷವಾಯಿತು.

ಎಂಜಿನಿಯರಿಂಗ್ ಎಂದೊಡನೆ ನಾವೆಲ್ಲ ಕೈಮುಗಿಯುವ ವಿಶ್ವೇಶ್ವರಯ್ಯನವರ ಓದಿನ ದಾರಿಯನ್ನು ಯಾರಾದರೂ ಮಕ್ಕಳಿಗೆ ಹೇಳುತ್ತಾರೆಯೇ? ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿಎ ಪಡೆದರು. ಆಮೇಲೆ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋಗಿ ಎಂಜಿನಿಯರಿಂಗ್ ಓದಿದರು. ಆಗಿನ ಬಿಎಯಲ್ಲಿ ಗಣಿತವೂ ಇತ್ತು, ಇಂದಿನ ಬಿಎ ಜೊತೆ ಅದನ್ನು ಸಮ ಮಾಡಲಾಗದು. ಆದರೆ ನನ್ನ ಮಾತಿಗೆ ಅದೇ ಆಧಾರ: ಹದಿನೈದಕ್ಕೆ ಹುಡುಗನನ್ನು ಒಂದು ಗೋಡೆಯ ಈಚೆಗೋ ಆಚೆಗೋ ನಿಲ್ಲಿಸುವ ಏರ್ಪಾಡು ಆಗ ಇರಲಿಲ್ಲ. ಗಿರೀಶ ಕಾರ್ನಾಡರು ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದ್ದು ಧಾರವಾಡದ ಕರ್ನಾಟಕ ಆರ್ಟ್ಸ್ ಕಾಲೇಜಿನಲ್ಲಿ, ಪಡೆದದ್ದು ಬಿಎ. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಇವತ್ತಿನ ಪಿಯು ಕಾಲೇಜಿನ ಕೌಂಟರಿನಲ್ಲಿ ಒಬ್ಬ ಹುಡುಗಿ ನಿಂತು "ನನಗೆ ಗಣಿತವೂ ಬೇಕು, ಇತಿಹಾಸವೂ ಬೇಕು" ಎಂದರೆ ಬಹುಪಾಲು ಕಡೆ ಅಂಥ ಕಾಂಬಿನೇಷನ್ ಇಲ್ಲವೆಂದು ಹಿಂದೆ ಕಳಿಸುತ್ತಾರೆ. ಆಪ್ಷನ್ ಜಾಸ್ತಿ ಎಂಬ ಮಾತು ಹುಟ್ಟಿರುವುದು ಇಂಥ ಊರಿನಲ್ಲಿ.

ಈಗ ಸೈನ್ಸಿನ ಆ ಎರಡು ವರ್ಷದ ಒಳಗೆ ಏನಿದೆ ನೋಡಿ. ಕರಾವಳಿಯಿಂದ ಕಲಬುರಗಿಯವರೆಗೆ ಈಗ "ಇಂಟಿಗ್ರೇಟೆಡ್" ಎಂಬ ಪದದ್ದೇ ಕಾರುಬಾರು. ಪಿಯು ಪಾಠ, ಸಿಇಟಿ, ನೀಟ್, ಜೆಇಇ ಎಲ್ಲವೂ ಒಂದೇ ಕಟ್ಟಡದಲ್ಲಿ, ಒಂದೇ ಶುಲ್ಕದಲ್ಲಿ. ಬೆಳಗಿನ ಜಾವದ ಸ್ಟಡಿ ಅವರ್‌ನಿಂದ ಶುರುವಾದ ದಿನ ರಾತ್ರಿಯ ಸ್ಟಡಿ ಅವರ್‌ಗೆ ಮುಗಿಯುತ್ತದೆ. ವಾರದ ಕೊನೆಗೆ ಟೆಸ್ಟ್, ಟೆಸ್ಟಿನ ಅಂಕ ಅಪ್ಪನ ಮೊಬೈಲಿಗೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಭಾಷೆಯ ಅಂಕಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಭಾಷೆಯ ತರಗತಿ ಹೊರೆ ಎನಿಸುತ್ತದೆ. ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಮಕ್ಕಳು ಕೂಡ ಅಂಕ ಬರುತ್ತದೆಂದು ಸಂಸ್ಕೃತ ತಗೊಳ್ಳುತ್ತಾರೆ, ಸಂಸ್ಕೃತದ ಮೇಲಿನ ಪ್ರೀತಿಗಲ್ಲ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯಲು ಹೆದರುವ, ಕನ್ನಡವನ್ನು ಹತ್ತನೇ ತರಗತಿಗೇ ಬಿಟ್ಟ, ಎರಡು ವರ್ಷ ಪತ್ರಿಕೆಯನ್ನೇ ಓದದ ಮಗು ಹದಿನೆಂಟಕ್ಕೆ ಹೊರಗೆ ಬರುತ್ತದೆ. ಆಪ್ಷನ್ ಇಟ್ಟುಕೊಳ್ಳುವುದೆಂದರೆ ಆ ಆಪ್ಷನ್‌ಗಳನ್ನು ಕಣ್ಣಾರೆ ನೋಡಲು ಪುರುಸೊತ್ತು ಬೇಕು. ನಾವು ಮಾಡುತ್ತಿರುವುದು ಮಗುವನ್ನು ಜಾತ್ರೆಗೆ ಕರೆದೊಯ್ದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಇದರಲ್ಲಿ ವಿಜ್ಞಾನಕ್ಕಾದರೂ ಲಾಭವಾಗಿದೆಯೇ? ಅದೂ ಇಲ್ಲ. ಪ್ರಯೋಗಾಲಯ ಎಷ್ಟೋ ಕಡೆ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಾಗ ಬಾಗಿಲು ತೆರೆಯುವ ಕೋಣೆ. ಸರಿಯುತ್ತರ ಗುರುತಿಸುವ ವೇಗವೇ ಜಾಣತನವಾದ ಮೇಲೆ, ಹೀಗೇಕೆ ಎಂದು ನಿಂತು ಕೇಳುವ ಮಗುವೇ ಆ ಓಟದಲ್ಲಿ ಹಿಂದೆ ಬೀಳುತ್ತದೆ. ಅಷ್ಟೆಲ್ಲ ಸೈನ್ಸ್ ಎಂದು ಬಡಿದುಕೊಂಡ ಮೇಲೂ ಬಿಎಸ್ಸಿ ಭೌತವಿಜ್ಞಾನದ ತರಗತಿಗೆ ಹುಡುಗರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಪದವಿ ತರಗತಿ ನಡೆಸುತ್ತಿದೆ, ಊರಿನ ಮುತ್ತಿನಂಥ ಅವಕಾಶ ಅದು. ಸೈನ್ಸ್ ತಗೋ ಎಂದು ಒತ್ತಾಯಿಸಿದ ಎಷ್ಟು ಮನೆಗಳಲ್ಲಿ ಅದರ ಹೆಸರು ಎತ್ತಿದ್ದಾರೆ?

ಎರಡು ವರ್ಷ ಮುಗಿದ ದಿನ ಲೆಕ್ಕ ನೋಡೋಣ. 2024ರಲ್ಲಿ ನೀಟ್‌ಗೆ ನೋಂದಾಯಿಸಿದವರು 24 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ, ಅವುಗಳಲ್ಲೂ ಹತ್ತಿರ ಹತ್ತಿರ ಅರ್ಧ ಖಾಸಗಿಯವು. ಅದೇ ವರ್ಷ ಜೆಇಇ ಮೇನ್ ಬರೆದವರು 14 ಲಕ್ಷದಷ್ಟು, ಐಐಟಿ ಸೀಟುಗಳು ಸುಮಾರು 17,700. ಸೀಟು ಸಿಗದ ಮಗು ಆಗ "ಆಮೇಲೆ ಏನು ಬೇಕಾದ್ರೂ ಮಾಡಬಹುದು" ಎಂಬ ಮಾತನ್ನು ನೆನಪಿಸಿಕೊಂಡು ಬಿಎಗೋ ಕಾನೂನಿಗೋ ಹೋಗುತ್ತದೆಯೇ? ಬಿಡುವವರು ಯಾರು? ಇಷ್ಟು ಖರ್ಚು ಮಾಡಿದ ಮೇಲೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕುತ್ತಾರೆ. ಅದೂ ಆಗದಿದ್ದರೆ ಸಿಕ್ಕ ಕಾಲೇಜಿನ ಸಿಕ್ಕ ಬ್ರಾಂಚ್. ಏನು ಬೇಕಾದರೂ ಮಾಡಬಹುದು ಎಂಬ ಮಾತಿನ ಮುಖವಾಡ ಕಳಚುವುದು ಆ ದಿನ. ಸೈನ್ಸ್ ಓದಿ ಬೇರೆ ಕಡೆ ತಿರುಗಲು ನಿಯಮ ಅಡ್ಡಿ ಬರುವುದಿಲ್ಲ, ಅದನ್ನು ಹೇಳಿಕೊಟ್ಟ ಮನೆಯವರೇ ಅಡ್ಡ ನಿಲ್ಲುತ್ತಾರೆ.

ಎದುರು ವಾದಿಸುವವರು ಪಿಯುಸಿ ಫಲಿತಾಂಶವನ್ನು ಎತ್ತಿ ತೋರಿಸುತ್ತಾರೆ. 2025ರ ಮೊದಲ ಪರೀಕ್ಷೆಯಲ್ಲಿ ವಿಜ್ಞಾನದವರು ಶೇ 82.45, ವಾಣಿಜ್ಯದವರು ಶೇ 76.07, ಕಲಾ ವಿಭಾಗದವರು ಶೇ 53.29ರಷ್ಟು ಪಾಸಾದರು. ಕಷ್ಟದ ವಿಷಯ ಓದಿದವರೇ ಹೆಚ್ಚು ಪಾಸಾಗಿದ್ದಾರೆ, ಆರ್ಟ್ಸ್ ಅಂದರೆ ಹೀಗೇ ಎನ್ನುತ್ತಾರೆ. ಈ ಅಂಕಿಗಳನ್ನು ನಾನು ತಿರುಗಿಸಿ ಓದುತ್ತೇನೆ. ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ಬಂದವರನ್ನೆಲ್ಲ ಸೋಸಿ ಒಂದು ಕಡೆಗೆ ಕಳಿಸಿದ್ದೀರಿ, ದುಡ್ಡು, ಕೋಚಿಂಗು, ಹೆತ್ತವರ ಗಮನ ಎಲ್ಲ ಆ ಕಡೆಗೇ ಹೋಗಿದೆ. ಕಡಿಮೆ ಅಂಕದ ಮಕ್ಕಳನ್ನು, ಹೊಲದ ಕೆಲಸಕ್ಕೆ ಹೋಗಿ ಬರುವ ಮಕ್ಕಳನ್ನು, ಮದುವೆ ಆಗುವವರೆಗೆ ಓದಲಿ ಎಂದು ಕಳಿಸಿದ ಹೆಣ್ಣುಮಕ್ಕಳನ್ನು ಕಲಾ ವಿಭಾಗಕ್ಕೆ ತಳ್ಳಿದ್ದೀರಿ. ಉಪನ್ಯಾಸಕರ ಹುದ್ದೆ ಖಾಲಿ ಇರುವ, ಅತಿಥಿ ಉಪನ್ಯಾಸಕರನ್ನೇ ನಂಬಿ ನಡೆಯುವ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಅವರು ಕೂತಿದ್ದಾರೆ. ಅವರಲ್ಲಿ ಅರ್ಧದಷ್ಟು ಮಂದಿ ಪಾಸಾಗದಿದ್ದಾಗ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳೇ ಕೀಳು ಎಂದು ತೀರ್ಪು ಕೊಡುತ್ತೀರಿ. ಆ ಶೇ 53.29 ಕಲಾ ವಿಭಾಗದ ಯೋಗ್ಯತೆಯ ಅಳತೆಯಲ್ಲ, ನಾವು ಅದನ್ನು ನೋಡಿಕೊಂಡ ರೀತಿಯ ಅಳತೆ.

ಹಾಗೆ ಕೀಳೆಂದ ವಿಷಯಗಳಿಗೆ ಸಮಾಜ ಎಷ್ಟು ಬೆಲೆ ಕೊಡುತ್ತದೆ ಎನ್ನುವುದನ್ನು ತಿಳಿಯಲು ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕಿಕ್ಕಿರಿದ ಬೀದಿಗಳು ಅವು. ಬಿಇ ಮುಗಿಸಿದವರು, ಬಿಎಸ್ಸಿ ಕೃಷಿ ಮುಗಿಸಿದವರು ಇಪ್ಪತ್ತಮೂರು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಕೂತು ಎನ್‌ಸಿಇಆರ್‌ಟಿಯ ಶಾಲಾ ಪುಸ್ತಕಗಳನ್ನು ಮೊದಲಿಂದ ಓದುತ್ತಾರೆ. ಸಂವಿಧಾನ, ಆಧುನಿಕ ಭಾರತದ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ. ಹದಿನಾರಕ್ಕೆ ಓದಬೇಡ ಎಂದು ತಡೆದ ವಿಷಯವನ್ನೇ ಇಪ್ಪತ್ತನಾಲ್ಕಕ್ಕೆ ದುಡ್ಡು ಕೊಟ್ಟು, ಕೆಲಸ ಬಿಟ್ಟು, ವಯಸ್ಸು ಕಳೆದು ಓದಿಸುತ್ತಿದ್ದೇವೆ. ಆ ಹುಡುಗರ ಶ್ರಮದ ಬಗ್ಗೆ ನನಗೆ ಗೌರವವಿದೆ. ಅವರಿಗೆ ಆದ ಅನ್ಯಾಯದ ಬಗ್ಗೆ ಸಿಟ್ಟಿದೆ.

ಕೈಕೆಲಸದ ಕಡೆಯ ದಾರಿಗಳ ಪಾಡು ಇದಕ್ಕಿಂತ ಕೆಟ್ಟದು. ಐಟಿಐ ಎಂದರೆ ಫೇಲಾದವರ ಜಾಗ ಎಂದು ಹೇಳಿಬಿಡುತ್ತಾರೆ. ಸರ್ಕಾರದ್ದೇ ಆದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಮೈಸೂರು, ಬೆಳಗಾವಿ, ಹಾಸನ, ಹೊಸಪೇಟೆ, ಕೂಡಲಸಂಗಮ, ಹುಮನಾಬಾದ್ ಹೀಗೆ ರಾಜ್ಯದ ಉದ್ದಗಲಕ್ಕೂ ಕೇಂದ್ರಗಳಿವೆ. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಗೆ ಸೇರಬಹುದು. ಮೂರು ವರ್ಷ ಕಲಿಕೆ, ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಲೋಹವನ್ನು ಕೂದಲೆಳೆಗಿಂತ ಸೂಕ್ಷ್ಮ ಅಳತೆಗೆ ಕೊರೆಯುವುದು ಗಣಿತ ತಿಳಿದ ಕೈಗೆ ಮಾತ್ರ ಒಗ್ಗುವ ವಿದ್ಯೆ. ವಿಶ್ವೇಶ್ವರಯ್ಯನವರು ಇಳಿವಯಸ್ಸಿನಲ್ಲಿ ಮುಂದೆ ನಿಂತು ಬೆಂಗಳೂರಿನಲ್ಲಿ ಕಟ್ಟಿಸಿದ್ದು ಕೂಡ ಒಂದು ವೃತ್ತಿಶಿಕ್ಷಣ ಸಂಸ್ಥೆಯನ್ನೇ, ಅದು ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ಇಂಥ ಜಾಗಗಳನ್ನು ಕಟ್ಟಿದ ಸರ್ಕಾರವೇ ಅವುಗಳ ಮರ್ಯಾದೆ ಕಾಪಾಡಿಲ್ಲ. ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಕೆಲಸವಿಲ್ಲದ ಹೊಟ್ಟೆ ಇಬ್ಬರಿಗೂ ಒಂದೇ. ಆದರೂ ಯಾರ ಓದು ಮೇಲು, ಯಾರದು ಅರ್ಧ ಎಂದು ಆದೇಶದಲ್ಲೇ ಬರೆದಾಗಿದೆ. ಹಳ್ಳಿಯ ಅಪ್ಪ ಅದನ್ನು ಓದಿಕೊಂಡು ಮಗನನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸಿದರೆ ಅವನನ್ನು ದೂರುವುದು ಹೇಗೆ?

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ನಾನು ಗೌರವಿಸುತ್ತೇನೆ. "ಹದಿನೈದರ ಮಗುವಿಗೆ ಏನು ಗೊತ್ತು? ನಾವು ಬಡವರು, ಒಂದು ಸಲ ತಪ್ಪಿದರೆ ಎದ್ದು ನಿಲ್ಲುವ ಶಕ್ತಿ ನಮಗಿಲ್ಲ." ನಿಜ, ಮಗುವಿಗೆ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದಕ್ಕೆ ಮದ್ದೆಂದರೆ ದಾರಿಗಳನ್ನು ತೋರಿಸುವುದು. ಎಲ್ಲಕ್ಕಿಂತ ದುಬಾರಿಯಾದ, ಎಲ್ಲಕ್ಕಿಂತ ಇಕ್ಕಟ್ಟಾದ ಸಾಲಿಗೆ ಮಗುವನ್ನು ನೂಕುವುದು ಹೇಗೆ ಸುರಕ್ಷಿತ ಆಯ್ಕೆಯಾದೀತು? ತಪ್ಪು ಮಾಡಲು ಶಕ್ತಿಯಿಲ್ಲದ ಮನೆಯೇ ಈ ಜೂಜಿನಿಂದ ಮೊದಲು ದೂರ ಇರಬೇಕು. ಒಂದು ಎಕರೆ ಅಡವಿಟ್ಟು ಇಂಟಿಗ್ರೇಟೆಡ್ ಕಾಲೇಜಿನ ಶುಲ್ಕ ಕಟ್ಟುವ ರೈತನಿಗೆ, ಅದೇ ಜಿಲ್ಲೆಯ ಜಿಟಿಟಿಸಿಯಲ್ಲಿ ಎಷ್ಟು ಶುಲ್ಕ, ಅಲ್ಲಿಂದ ಹೊರಬಂದ ಹುಡುಗ ಎಲ್ಲಿ ಕೆಲಸ ಮಾಡುತ್ತಿದ್ದಾನೆ ಎಂದು ಯಾರೂ ಹೇಳಿರುವುದಿಲ್ಲ. ಹೇಳಲು ಬರುವವರು ಶೈಕ್ಷಣಿಕ ಮೇಳಗಳಲ್ಲಿ ಮಳಿಗೆ ಹಾಕಿದವರು, ಅವರ ಕೈಯಲ್ಲಿ ಮಾರಲು ಸೀಟುಗಳಿರುತ್ತವೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ, ಪಿಯು ತರಗತಿಗಳು ಶುರುವಾಗುವುದು ಜೂನ್ ಹೊತ್ತಿಗೆ. ನಡುವೆ ಎರಡು ತಿಂಗಳು. ಈಗ ಆ ಎರಡು ತಿಂಗಳನ್ನೂ ಬ್ರಿಜ್ ಕೋರ್ಸ್‌ಗಳು ನುಂಗುತ್ತಿವೆ. ಹದಿನಾರು ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಎಂಟನೇ ತರಗತಿಯಿಂದಲೇ ಫೌಂಡೇಷನ್ ಎಂಬ ಜಾಹೀರಾತುಗಳು ಆಮೇಲೂ ನಿಂತಿಲ್ಲ. ಆ ಎರಡು ತಿಂಗಳು ಮಗುವಿನದು, ಅದಕ್ಕೇ ವಾಪಸು ಕೊಡಿ. ತಾಲ್ಲೂಕು ನ್ಯಾಯಾಲಯದ ಕಲಾಪವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು, ಯಾರೂ ದುಡ್ಡು ಕೇಳುವುದಿಲ್ಲ. ಪರಿಚಯದ ಆಡಿಟರ ಕಚೇರಿಯಲ್ಲಿ ಒಂದು ವಾರ ಕೂತು ಬರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ದಿನವಿಡೀ ಏನು ಮಾಡುತ್ತಾರೆಂದು ನೋಡಲಿ, ಡಾಕ್ಟರಾಗಬೇಕೆಂಬ ಆಸೆ ಅದರಿಂದ ಗಟ್ಟಿಯಾದರೆ ಬಹಳ ಒಳ್ಳೆಯದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹೋಬಳಿಯ ಕಾಲೇಜಿನಲ್ಲಿ ಇರುವುದನ್ನೇ ತಗೊಳ್ಳಬೇಕಾಗಿದ್ದ ಹುಡುಗಿ ಈಗ ಜಿಲ್ಲಾ ಕೇಂದ್ರದ ನಾಲ್ಕು ಕಾಲೇಜು, ಒಂದು ಪಾಲಿಟೆಕ್ನಿಕ್ ನೋಡಿ ಸಂಜೆಗೆ ಮನೆ ಸೇರಬಹುದು.

ಶಿಕ್ಷಣ ಇಲಾಖೆಯಿಂದ ನಾನು ಕೇಳುವುದು ಒಂದು ಹಾಳೆ. ಯಾವ ಕೋರ್ಸಿಗೆ ಪಿಯುಸಿಯಲ್ಲಿ ಯಾವ ವಿಷಯ ಕಡ್ಡಾಯ, ಯಾವುದಕ್ಕೆ ಯಾವ ವಿಭಾಗವಾದರೂ ನಡೆಯುತ್ತದೆ, ಡಿಪ್ಲೊಮಾದಿಂದ ಬಿಇಗೆ, ಐಟಿಐಯಿಂದ ಡಿಪ್ಲೊಮಾಗೆ ಹೋಗುವುದು ಹೇಗೆ, ಆ ಜಿಲ್ಲೆಯಲ್ಲಿ ಇವು ಎಲ್ಲಿವೆ, ಸರ್ಕಾರಿ ಶುಲ್ಕ ಎಷ್ಟು. ಕನ್ನಡದಲ್ಲಿ, ಒಂದು ಹಾಳೆಯ ಎರಡು ಬದಿಯಲ್ಲಿ ಇಷ್ಟನ್ನು ಅಚ್ಚು ಹಾಕಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಪ್ರತಿ ಮಗುವಿನ ಕೈಗೂ ಕೊಡಿ. ಫೇಲಾದ ಮಕ್ಕಳಿಗೆ ಮೊದಲು ಕೊಡಿ, ಅವರ ಹತ್ತಿರ ಈ ಮಾತು ಆಡುವವರು ಯಾರೂ ಇರುವುದಿಲ್ಲ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಮಾಹಿತಿಯೆಲ್ಲ ಸರ್ಕಾರದ ಬೇರೆ ಬೇರೆ ಕಚೇರಿಗಳಲ್ಲಿ ಈಗಾಗಲೇ ಇದೆ. ಮುಂದಿನ ಫಲಿತಾಂಶದ ವಾರಕ್ಕೆ ಆ ಹಾಳೆ ಸಿದ್ಧವಾಗಬಹುದು.